ಓದಿದ ಅಕ್ಷರ ವಾಪಸ್ ಕೊಡುವುದು

ಕೇಳುಗರಿಗೆ ನಮಸ್ಕಾರ. ಮಂಗಳೂರು, ಸುರತ್ಕಲ್, ಉಡುಪಿ, ಮಣಿಪಾಲದ ಕಾಲೇಜುಗಳಲ್ಲಿ ಸಿ ಭಾಷೆ ಕಲಿಯುತ್ತಿರುವ ಮಕ್ಕಳೇ, ಇವತ್ತಿನ ಮಾತು ನಿಮಗಾಗಿ. ಅನ್‌ಗೆಟ್‌ಸಿ ಎಂಬ ಪುಟ್ಟ ಫಂಕ್ಷನ್ ಬಗ್ಗೆ.

ವಿಳಾಸಗಳ ಒಂದು ಫೈಲ್ ಇದೆ ಅನ್ನಿ. ಸಾಲಿನಲ್ಲಿ ಪಿನ್ ಕೋಡ್ 575001. ಅದಕ್ಕೆ ಅಂಟಿಕೊಂಡೇ ಇಂಗ್ಲಿಷ್ ಅಕ್ಷರಗಳಲ್ಲಿ ಮಂಗಳೂರು. ನಡುವೆ ಜಾಗವೇ ಇಲ್ಲ. ಗೆಟ್‌ಸಿಯಿಂದ ಒಂದೊಂದೇ ಅಂಕಿ ಓದುತ್ತೀರಿ. ಅಂಕಿ ಮುಗಿಯಿತು ಎಂದು ಗೊತ್ತಾಗುವುದು ಯಾವಾಗ? ಎಂ ಅಕ್ಷರ ಕೈಗೆ ಬಂದಮೇಲೆ, ಅಲ್ವಾ? ಅಷ್ಟರಲ್ಲಿ ಎಂ ಸ್ಟ್ರೀಮ್‌ನಿಂದ, ಅಂದರೆ ಫೈಲಿನಿಂದ ಬರುವ ಅಕ್ಷರಗಳ ಸಾಲಿನಿಂದ, ಹೊರಗೆ ಬಂದಾಯಿತು. ಸುಮ್ನೆ ಬಿಟ್ಟರೆ ಹೆಸರು ಓದುವ ಭಾಗಕ್ಕೆ ಸಿಗುವುದು ‘ಅಂಗಳೂರು’!

ಆ ಅಕ್ಷರವನ್ನೂ ಸ್ಟ್ರೀಮ್ ಅನ್ನೂ ಅನ್‌ಗೆಟ್‌ಸಿಗೆ ಕೊಡಿ. ಮುಂದಿನ ಗೆಟ್‌ಸಿಗೆ ಅದೇ ಎಂ ಮತ್ತೆ ಸಿಗುತ್ತದೆ. ಡಿಸ್ಕಿನಲ್ಲಿರುವ ಫೈಲ್ ಇದ್ದ ಹಾಗೇ ಇರುತ್ತದೆ. ಆದರೆ ನಡುವೆ, ಓದುವ ಜಾಗ ಬದಲಿಸುವ ಎಫ್‌ಸೀಕ್ ಅಥವಾ ರಿವೈಂಡ್ ಕರೆದರೆ ವಾಪಸ್ ಕೊಟ್ಟದ್ದು ಹೋಯಿತು. ಓದಿದ್ದನ್ನು ಇಂಟ್‌ನಲ್ಲೇ ಇಡಿ, ಕ್ಯಾರ್‌ನಲ್ಲಿ ಬೇಡ. ಇಲ್ಲದಿದ್ದರೆ ಇಒಎಫ್ (ಫೈಲ್ ಮುಗಿಯಿತು ಅಥವಾ ಕೆಲಸ ಆಗಲಿಲ್ಲ ಎಂಬ ಸೂಚನೆ) ಯಾವುದು, ನಿಜವಾದ ಅಕ್ಷರ ಯಾವುದು ಎಂದು ಗೊಂದಲವಾಗುತ್ತದೆ.

ಮುಖ್ಯ ವಿಷಯ ಇನ್ನೊಂದಿದೆ. ಸಿ ಸ್ಟ್ಯಾಂಡರ್ಡ್ ಖಾತ್ರಿ ಕೊಡುವುದು ಒಂದೇ ಒಂದು ಅಕ್ಷರಕ್ಕೆ. ನಡುವೆ ಏನೂ ಓದದೆ ಎರಡನೆಯದನ್ನು ಕೊಟ್ಟರೆ ನಿಮ್ಮ ಲ್ಯಾಬಿನಲ್ಲಿ ನಡೆಯಬಹುದು, ಬೇರೆ ಕಡೆ ಇಒಎಫ್ ಬರಬಹುದು. ಲ್ಯಾಬಿನಲ್ಲಿ ನಡೆಯಿತು ಎಂದು ನಂಬಬೇಡಿ.

ಈಗ ಅದೇ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ನಮ್ಮ ಊರಿನ ಮಕ್ಕಳು ಇದನ್ನು ಮಾಡಲೇಬೇಕು ಎಂಬುದು ನನ್ನ ಆಸೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ‘ಮ’ ಅಕ್ಷರಕ್ಕೆ 3 ಬೈಟ್. ಅದರ ಮುಂದಿನ ಸೊನ್ನೆಗೆ, ಅಂದರೆ ಅನುಸ್ವಾರಕ್ಕೆ, ಬೇರೆ 3. ಅನ್‌ಗೆಟ್‌ಸಿ ಲೆಕ್ಕ ಹಾಕುವುದು ಬೈಟಿನಲ್ಲಿ. ಅಂಕಿ ಮುಗಿದದ್ದು ಮೊದಲ ಬೈಟಿನಲ್ಲೇ ತಿಳಿಯುತ್ತದೆ, ಆ ಒಂದನ್ನು ವಾಪಸ್ ಕೊಟ್ಟರೆ ಸಾಕು. ಪೂರ್ತಿ ‘ಮ’ ಓದಿ ಆಮೇಲೆ ವಾಪಸ್ ಕೊಡಬೇಕೆಂದರೆ ಖಾತ್ರಿ ಇಲ್ಲ.

ಇದಕ್ಕೆ ಸಿ ಸ್ಟ್ಯಾಂಡರ್ಡ್‌ನ 1995ರ ತಿದ್ದುಪಡಿಯಲ್ಲಿ, ಬೈಟಿನ ಬದಲು ಇಡೀ ಅಕ್ಷರ ಸಂಕೇತವನ್ನೇ ವಾಪಸ್ ಕೊಡುವ ಅನ್‌ಗೆಟ್‌ಡಬ್ಲ್ಯುಸಿ ಬಂತು. ಮೊದಲು ಭಾಷೆಯ ವ್ಯವಸ್ಥೆ ಆರಿಸುವ ಸೆಟ್‌ಲೊಕೇಲ್ ಕರೆದು, ಗೆಟ್‌ಡಬ್ಲ್ಯುಸಿಯಿಂದ ಓದಿದರೆ ‘ಮ’ ಇಡಿಯಾಗಿ ವಾಪಸ್ ಹೋಗುತ್ತದೆ. ಆದರೂ ಅಲ್ಲೂ ಖಾತ್ರಿ ಒಂದೇ ಸಂಕೇತಕ್ಕೆ; ‘ಮಂ’ ಅಂದರೆ ಎರಡು ಸಂಕೇತ, ‘ಕ್ಷ’ ಅಂದರೆ ಮೂರು. ಅಷ್ಟು ಬೇಕಾದಾಗ ನಿಮ್ಮದೇ ಒಂದು ಚಿಕ್ಕ ಅರೇ ಇಟ್ಟುಕೊಳ್ಳಿ. ವಾಪಸ್ ಕೊಡುವುದನ್ನು, ಕೊನೆಯದು ಮೊದಲು ಎಂಬಂತೆ, ಅದರಲ್ಲಿ ಹಾಕಿ. ಓದುವಾಗ ಮೇಲಿನದನ್ನು ಮೊದಲು ತೆಗೆಯಿರಿ. ಅರೇ ಖಾಲಿಯಾದ ಮೇಲೆ ಸ್ಟ್ರೀಮ್‌ಗೆ ಹೋಗಿ.

ನಮಸ್ಕಾರ.