ಜಾಂಬೋನಿ ಹೊಗೆ, ಒದ್ದೆ ಗ್ಲೌಸ್, ಒಂದು ಡಾಕ್ಟರ್ ಚೀಟಿ: ಮಿನೆಸೋಟಾದಲ್ಲಿ ಮಕ್ಕಳ ಐಸ್ ಹಾಕಿ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಅಮೆರಿಕದ ಮಿನಿಯಾಪೊಲಿಸ್ ಪಕ್ಕದ ನಮ್ಮ ಊರಿನ ಐಸ್ ಅರೇನಾ. ಹೊರಗೆ ಮೈನಸ್ 20. ಒಳಗೂ ಅಂಥಾ ಬೆಚ್ಚಗೇನಿಲ್ಲ. ಕಂಬಳಿ ಹೊದ್ದು, ಕಾಫಿ ಹಿಡಿದು ಕೂತಿದ್ದಾರಲ್ಲ, ಅವರೆಲ್ಲ ಅಪ್ಪ ಅಮ್ಮಂದಿರು. ಸುಮಾರು ಜನ ಇಲ್ಲಿನ ಸಂಬಳವಿಲ್ಲದ ನೌಕರರೂ ಹೌದು.

ಮಿನೆಸೋಟಾದಲ್ಲಿ ಮಕ್ಕಳ ಹಾಕಿ ನಡೆಯುವುದು ಊರಿನ ಲೆಕ್ಕದಲ್ಲಿ. ಮನೆ ಯಾವ ಊರಲ್ಲಿದೆಯೋ, ಹೆಚ್ಚುಕಮ್ಮಿ ಆ ಊರಿನ ಅಸೋಸಿಯೇಶನ್‌ಗೇ ಮಗು ಆಡಬೇಕು. ಅಸೋಸಿಯೇಶನ್ ಅಂದರೆ ಬೇರೆ ಯಾರೂ ಅಲ್ಲ, ನಾವೇ. ಪ್ರತಿ ಮನೆಯವರೂ ಸೀಸನ್‌ನಲ್ಲಿ ಇಷ್ಟು ಗಂಟೆ ಕೆಲಸ ಮಾಡಬೇಕು. ಸ್ಕೋರ್ ಬರೆಯುವುದು, ಹಾಟ್ ಡಾಗ್ ಮಾರುವುದು, ಪೆನಾಲ್ಟಿ ಬಾಕ್ಸ್ ಬಾಗಿಲು ತೆಗೆಯುವುದು. ಇದಕ್ಕೆ ಡಿಬ್ಸ್ ಅಂತಾರೆ. ಮೊದಲೇ ಒಂದು ಚೆಕ್ ಬರೆದು ಕೊಟ್ಟಿರುತ್ತೇವೆ. ಗಂಟೆ ಮುಗಿಸದಿದ್ದರೆ ಚೆಕ್ ಸೀದಾ ಬ್ಯಾಂಕಿಗೆ.

ನಾನು ಕೊಡಗಿನವನು. ಹಾಕಿ ಅಂದರೆ ನಮಗೆ ಬಿಸಿಲು, ಧೂಳು, ಗ್ಯಾಲರಿ ತುಂಬ ನೆಂಟರು. 1997ರಲ್ಲಿ ಕರಡದಲ್ಲಿ ಪಾಂಡಂಡ ಒಕ್ಕದವರು, ಅಂದರೆ ಆ ಮನೆತನದವರು, ಶುರು ಮಾಡಿದ ಹಾಕಿ ಹಬ್ಬವನ್ನು ಒಂದೊಂದು ವರ್ಷ ಒಂದೊಂದು ಒಕ್ಕ ಹೆಗಲಿಗೆ ಹೊತ್ತು ನಡೆಸುವುದನ್ನು ನೋಡಿದವನು. ಹಾಗಾಗಿ ಜನರೇ ಸೇರಿ ಆಟ ನಡೆಸುವುದು ನನಗೆ ಹೊಸದಲ್ಲ. ಹೊಸದು ಅಂದರೆ ಇಲ್ಲಿನ ಫೈಲುಗಳು. ಅಸೋಸಿಯೇಶನ್‌ನ ಆಡಳಿತ ಮಂಡಳಿಯಲ್ಲಿ ನನಗೆ ಸಿಕ್ಕಿರುವುದು ಆಟಗಾರರ ಸುರಕ್ಷತೆಯ ಕುರ್ಚಿ. ಅದಕ್ಕೆ ಬೇರೆ ಯಾರೂ ಕೈ ಎತ್ತಿರಲಿಲ್ಲ.

ಈ ದೊಡ್ಡ ಗಾಡಿ ನೋಡಿ. ಜಾಂಬೋನಿ. ಮಕ್ಕಳಿಗೆ ಆಟಕ್ಕಿಂತ ಇದರ ಮೇಲೇ ಪ್ರೀತಿ ಜಾಸ್ತಿ. ಗೀಚು ಬಿದ್ದ ಐಸನ್ನು ತೆಳ್ಳಗೆ ಹೆರೆದು, ಮೇಲೆ ಬಿಸಿನೀರು ಸವರಿಕೊಂಡು ಹೋಗುತ್ತದೆ. ನನಗೆ ಮಾತ್ರ ಇದನ್ನು ಕಂಡರೆ ಅನುಮಾನ. ಕಾರಣ ಇದರ ಹೊಗೆ. ಬ್ಯಾಟರಿ ಗಾಡಿಯಾದರೆ ಚಿಂತೆ ಇಲ್ಲ. ಪ್ರೊಪೇನ್ ಅಥವಾ ಪೆಟ್ರೋಲ್ ಗಾಡಿಯ ಎಂಜಿನ್ ಸರಿಯಿಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಬರುತ್ತವೆ. ಐಸ್ ಮೇಲಿನ ತಣ್ಣನೆ ಗಾಳಿ ಮೇಲಕ್ಕೆ ಏಳುವುದಿಲ್ಲ. ಸುತ್ತ ಬೋರ್ಡು ಅನ್ನುವ ಗಿಡ್ಡ ಗೋಡೆ, ಅದರ ಮೇಲೆ ಗಾಜು. ಹೊಗೆ ಅಲ್ಲೇ, ಮಕ್ಕಳ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಓಡುವ ಮಗು ಉಸಿರೆಳೆಯುವುದು ನಮ್ಮ ನಿಮ್ಮ ಹಾಗಲ್ಲ, ಅಲ್ವಾ?

ಮಿನೆಸೋಟಾದಲ್ಲಿ ಇದಕ್ಕೆ ಕಾನೂನೇ ಇದೆ. ಅರೇನಾದವರು ಗಾಳಿ ಅಳೆದು ಬರೆದಿಡಬೇಕು. ಕಾರ್ಬನ್ ಮೊನಾಕ್ಸೈಡ್ 20 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 20 ಭಾಗ) ದಾಟಬಾರದು, ನೈಟ್ರೋಜನ್ ಡೈಆಕ್ಸೈಡ್ 0.3. ಆ ಪುಸ್ತಕ ತೋರಿಸಿ ಅಂತ ಕೇಳಿದರೆ ಮೊದಮೊದಲು ಮುಖ ಸಿಂಡರಿಸುತ್ತಿದ್ದರು, ಈಗ ನಾನು ಬಂದ ಕೂಡಲೇ ತಾವೇ ತಂದು ಮುಂದಿಡುತ್ತಾರೆ. ಒಂದೇ ತಂಡದ ನಾಲ್ಕಾರು ಮಕ್ಕಳಿಗೆ ಒಟ್ಟಿಗೆ ತಲೆನೋವು, ಕೆಮ್ಮು ಬಂದರೆ ಸುಮ್ನೆ ನೀರು ಕುಡಿ ಅಂತ ಕೂರಿಸಬೇಡಿ. ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ಕರೆದುಕೊಂಡು ಹೋಗಿ. ಕೆಲವರಿಗೆ ಕೆಮ್ಮು ಮನೆಗೆ ಹೋದ ಮೇಲೆ ಶುರುವಾಗುತ್ತದೆ. ಅಷ್ಟರಲ್ಲಿ ಅಮ್ಮ ಥಂಡಿ ಹಿಡಿದಿದೆ ಅಂತ ಕಷಾಯ ಕಾಯಿಸುತ್ತಿರುತ್ತಾರೆ.

ಆಸ್ತಮಾ ಇರುವ ಮಕ್ಕಳದ್ದು ಇನ್ನೊಂದು ಕಥೆ. ತಣ್ಣನೆಯ ಒಣ ಗಾಳಿಯಲ್ಲಿ ಎದೆ ಬೇಗ ಬಿಗಿಯುತ್ತದೆ. ಇನ್‌ಹೇಲರ್ ಎಲ್ಲಿ ಅಂದರೆ ಗ್ಯಾಲರಿಯ ಕೊನೇ ಮೆಟ್ಟಿಲಲ್ಲಿ, ಅಮ್ಮನ ಬ್ಯಾಗಿನಲ್ಲಿ! ನಮ್ಮಲ್ಲಿ ಈಗ ಅದು ಬೆಂಚಿನಲ್ಲೇ ಇರಬೇಕು, ಹೆಸರು ಬರೆದು.

ಎಇಡಿಯೂ ಅಷ್ಟೇ. ಹೃದಯ ನಿಂತರೆ ಶಾಕ್ ಕೊಡುವ ಪೆಟ್ಟಿಗೆ ಅದು. ಚೆಂಡಿನ ಬದಲು ಇಲ್ಲಿ ಆಡುವ ಪಕ್ 170 ಗ್ರಾಂ ತೂಕದ ಗಟ್ಟಿ ರಬ್ಬರ್. ಎದೆಗೆ ಬೀಳಬಾರದ ಕ್ಷಣದಲ್ಲಿ ಬಿದ್ದರೆ ಆರೋಗ್ಯವಂತನ ಹೃದಯವೂ ನಿಲ್ಲಬಹುದು. 1998ರಲ್ಲಿ ಎನ್‌ಎಚ್‌ಎಲ್ ಅನ್ನುವ ವೃತ್ತಿಪರ ಲೀಗ್‌ನ ಕ್ರಿಸ್ ಪ್ರಾಂಗರ್‌ಗೆ ಮ್ಯಾಚಿನ ನಡುವೆಯೇ ಹೀಗಾಯಿತು. ಆತ ಬದುಕಿಕೊಂಡರು. ನಾವು ಆಡಲು ಹೋದ ಒಂದು ಊರಿನಲ್ಲಿ ಎಇಡಿ ಎಲ್ಲಿದೆ ಅಂತ ಕೇಳಿದೆ. ಆಫೀಸಿನಲ್ಲಿದೆ ಅಂದರು. ಆಫೀಸಿಗೆ ಬೀಗ. ಬೀಗದ ಕೈ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು.

ಇದು ಲಾಕರ್ ರೂಮ್. ವಾಸನೆ ವಿಡಿಯೋದಲ್ಲಿ ಬರುವುದಿಲ್ಲ, ನಿಮ್ಮ ಪುಣ್ಯ. ಈ ಗ್ಲೌಸಿನ ಒಳಗೆ ಕೈ ಹಾಕಿ ನೋಡಿ. ಅಂಗೈ ಹತ್ತಿರ ಜಿಗುಟು, ಬೆರಳ ತುದಿಯಲ್ಲಿ ಇನ್ನೂ ಒದ್ದೆ. ಬ್ಯಾಗಿನ ಜಿಪ್ ಎಳೆದು ಕಾರಿನ ಡಿಕ್ಕಿಗೆ ಹಾಕಿದರೆ ನಾಳೆಗೂ ಹೀಗೇ ಇರುತ್ತದೆ. ಚರ್ಮದ ಸೋಂಕು ಬೆಳೆಯುವುದು ಇಂಥ ಕಡೆಯೇ. ಮನೆಗೆ ಹೋದ ಕೂಡಲೇ ಎಲ್ಲವನ್ನೂ ಹರವಿ ಫ್ಯಾನ್ ಹಾಕಿ, ಅಷ್ಟು ಸಾಕು. ನೀರಿನ ಬಾಟಲಿ ಯಾರದ್ದೂ ಯಾರಿಗೂ ಬೇಡ. 2014ರ ಚಳಿಗಾಲದಲ್ಲಿ ಎನ್‌ಎಚ್‌ಎಲ್‌ನ ದೊಡ್ಡ ದೊಡ್ಡ ಆಟಗಾರರಿಗೇ ಮಂಗನಬಾವು ಬಂದಿತ್ತು. ಸಿಡ್ನಿ ಕ್ರಾಸ್ಬಿಯ ಕೆನ್ನೆ ಊದಿದ ಫೋಟೋ ತೋರಿಸಿದರೆ ನಮ್ಮ ಹುಡುಗರು ನಗುತ್ತಾರೆ. ಆಮೇಲೆ ಬಾಟಲಿಗೆ ಹೆಸರು ಬರೆಯುತ್ತಾರೆ.

ಕುತ್ತಿಗೆಗೆ ಕಟ್ಟಿದ್ದಾರಲ್ಲ, ಆ ಪಟ್ಟಿ ಇಲ್ಲಿ ಕಡ್ಡಾಯವಾಗಿದ್ದು ಈಚೆಗೆ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮ್ಯಾಚ್ ಆಡುವಾಗ ಆಡಂ ಜಾನ್ಸನ್ ಕುತ್ತಿಗೆಗೆ ಸ್ಕೇಟ್ ಬ್ಲೇಡ್ ತಗುಲಿ ತೀರಿಕೊಂಡರು. ಇಲ್ಲೇ ಉತ್ತರಕ್ಕಿರುವ ಹಿಬ್ಬಿಂಗ್‌ನವರು. 2024ರ ಆಗಸ್ಟ್ 1ರಿಂದ ಯುಎಸ್‌ಎ ಹಾಕಿ ಎಂಬ ರಾಷ್ಟ್ರೀಯ ಸಂಸ್ಥೆ ಮಕ್ಕಳೆಲ್ಲರಿಗೂ, ಪ್ರಾಕ್ಟೀಸಿನಲ್ಲೂ, ಇದನ್ನು ಕಡ್ಡಾಯ ಮಾಡಿತು. ಕೆರೆಯುತ್ತೆ, ಸೆಕೆ ಆಗುತ್ತೆ ಅಂತ ಹುಡುಗರು ಗೊಣಗುತ್ತಾರೆ. ಗೊಣಗಲಿ.

ಇನ್ನು ಡಿಕ್ಕಿ. ಇಲ್ಲಿ ನೋಡಿ, ಮಕ್ಕಳು ಒಬ್ಬೊಬ್ಬರಾಗಿ ಬೋರ್ಡಿನ ಕಡೆ ಬರುತ್ತಿದ್ದಾರೆ. ಕೋಚ್ ಒಂದೇ ಮಾತು ಕೂಗುತ್ತಿದ್ದಾರೆ, ತಲೆ ಎತ್ತು. ಬೀಳುವಾಗ ತಲೆ ತಗ್ಗಿಸುವುದು ಎಲ್ಲರ ಸಹಜ ಬುದ್ಧಿ. ಗದ್ದ ಎದೆಗೆ ತಾಗಿದರೆ ಕತ್ತಿನ ಮೂಳೆಗಳು ನೆಟ್ಟಗೆ ಸಾಲು ನಿಲ್ಲುತ್ತವೆ, ನೆತ್ತಿಗೆ ಬಿದ್ದ ಏಟನ್ನೆಲ್ಲ ಅವೇ ನುಂಗಬೇಕಾಗುತ್ತದೆ. 2011ರ ಡಿಸೆಂಬರ್ 30ರಂದು ಇದೇ ಮಿನೆಸೋಟಾದಲ್ಲಿ ಜ್ಯಾಕ್ ಜಬ್ಲಾನ್‌ಸ್ಕಿ ಎಂಬ 16 ವರ್ಷದ ಹುಡುಗನನ್ನು ಹಿಂದಿನಿಂದ ಗುದ್ದಿದ್ದರಿಂದ ಆತ ಬೋರ್ಡಿಗೆ ಬಡಿದು ಬೆನ್ನುಹುರಿಗೆ ಪೆಟ್ಟಾಯಿತು. ಕೆಲವೇ ವಾರಗಳಲ್ಲಿ ಇಲ್ಲಿನ ಹೈಸ್ಕೂಲ್ ಹಾಕಿಯಲ್ಲಿ ಹಿಂದಿನಿಂದ ಗುದ್ದುವುದಕ್ಕೆ ಐದು ನಿಮಿಷದ ಪೆನಾಲ್ಟಿ ಬಂತು. ಅದೇ 2011ರಲ್ಲಿ ಯುಎಸ್‌ಎ ಹಾಕಿ 12 ವರ್ಷದೊಳಗಿನ ಪೀವೀ ಮ್ಯಾಚ್‌ಗಳಲ್ಲಿ ಬಾಡಿ ಚೆಕಿಂಗ್, ಅಂದರೆ ಮೈಯಿಂದ ಗುದ್ದಿ ತಡೆಯುವುದನ್ನು, ತೆಗೆದುಹಾಕಿತ್ತು. ಮಕ್ಕಳು ಮೆತ್ತಗಾಗುತ್ತಾರೆ ಅಂತ ಈಗಲೂ ಹೇಳುವವರಿದ್ದಾರೆ. ಅವರಿಗೆ ನಾನು ಉತ್ತರ ಕೊಡುವುದು ಬಿಟ್ಟಿದ್ದೇನೆ.

ನನ್ನ ಕುರ್ಚಿಯ ನಿಜವಾದ ಕಷ್ಟ ಕಂಕಶನ್, ಏಟು ಬಿದ್ದು ಮೆದುಳು ಅಲುಗುವುದು. ಹುಡುಗ ಬೀಳುತ್ತಾನೆ, ಏಳುತ್ತಾನೆ, ಏನಿಲ್ಲ ಅಂತಾನೆ. ಅದನ್ನು ನಂಬುವಂತಿಲ್ಲ. 2011ರಿಂದ ಮಿನೆಸೋಟಾದ ಕಾನೂನು ಸ್ಪಷ್ಟ. ಅನುಮಾನ ಬಂದರೆ ಆಟದಿಂದ ಹೊರಗೆ, ಡಾಕ್ಟರ್ ಬರೆದು ಕೊಡುವವರೆಗೆ ಒಳಗಿಲ್ಲ. ಚೀಟಿ ಬರುವ ಮುಂಚೆಯೂ ಮೆಟ್ಟಿಲುಗಳಿವೆ. ಮೊದಲ ಒಂದೆರಡು ದಿನ ಆರಾಮ, ಸಣ್ಣ ನಡಿಗೆ, ಸೈಕಲ್, ಒಬ್ಬನೇ ಸ್ಕೇಟಿಂಗ್, ಆಮೇಲೆ ಯಾರೂ ಮುಟ್ಟದ ಪ್ರಾಕ್ಟೀಸು. ಅವಸರ ಮಾಡುವಂತಿಲ್ಲ. ತಲೆನೋವು ಜೋರಾದರೆ ಒಂದು ಮೆಟ್ಟಿಲು ಕೆಳಗೆ.

ಕಳೆದ ಸೀಸನ್‌ನಲ್ಲಿ ಒಬ್ಬ ಬ್ಯಾಂಟಮ್ (14 ವರ್ಷದೊಳಗಿನ ವಿಭಾಗ) ಹುಡುಗ ನಡುವಿನ ಮೆಟ್ಟಿಲಲ್ಲಿದ್ದ. ವಾರಾಂತ್ಯಕ್ಕೆ ಡುಲುತ್‌ನಲ್ಲಿ ಟೂರ್ನಮೆಂಟ್, ಹೋಟೆಲ್ ಬುಕ್ ಆಗಿತ್ತು. ಅವನ ಅಪ್ಪ ಪಾರ್ಕಿಂಗ್‌ನಲ್ಲಿ ಕಾರಿಗೆ ಒರಗಿ ನನಗಾಗಿ ಕಾದಿದ್ದರು. ಹುಡುಗ ಸ್ಕೂಲಿಗೆ ಹೋಗುತ್ತಿದ್ದಾನೆ, ಹೋಂವರ್ಕ್ ಮಾಡುತ್ತಿದ್ದಾನೆ, ಇನ್ನೇನು ಬೇಕು ಅಂತ. ಚೀಟಿ ಬೇಕು ಅಂದೆ. ನಿಮ್ಮ ಮಗನಾಗಿದ್ದರೆ ಅಂದರು. ನನ್ನ ಮಗನಾಗಿದ್ದರೂ ಚೀಟಿ ಬೇಕು ಅಂದೆ. ಹುಡುಗ ಡುಲುತ್‌ಗೆ ಹೋದ, ಸೂಟ್ ಹಾಕಿಕೊಂಡು ಬೆಂಚಿನ ಬಾಗಿಲು ತೆಗೆದ. ಆ ಅಪ್ಪ ಸೀಸನ್ ಮುಗಿಯುವ ತನಕ ನನ್ನನ್ನು ಮಾತಾಡಿಸಲಿಲ್ಲ. ಡಿಬ್ಸ್ ಗಂಟೆ ಮಾತ್ರ ಸರಿಯಾಗಿ ಮುಗಿಸಿದರು.

ಇಷ್ಟೆಲ್ಲ ಮಾಡಿದರೂ ನನ್ನ ಅಭಿಪ್ರಾಯ ಕೇಳಿದರೆ, ಮಕ್ಕಳ ಆರೋಗ್ಯ ಇರುವುದು ವೇಳಾಪಟ್ಟಿ ಬರೆಯುವವರ ಕೈಯಲ್ಲಿ. ಐಸ್ ಒಂದು ಗಂಟೆಗೆ ಇನ್ನೂರು ಡಾಲರ್ ದಾಟುತ್ತದೆ. ಅಗ್ಗದ ಗಂಟೆ ಅಂದರೆ ರಾತ್ರಿ. ಹತ್ತು ವರ್ಷದ ಮಗು ರಾತ್ರಿ ಒಂಬತ್ತೂವರೆಗೆ ಸ್ಕೇಟ್ ಬಿಚ್ಚಿ, ಸ್ನಾನ ಮಾಡಿ, ಮಲಗುವುದು ಯಾವಾಗ? ನಿದ್ದೆಗೆಟ್ಟ ಮಗು ನಿಧಾನ. ನಿಧಾನ ಆದವನೇ ಬೋರ್ಡಿನ ಹತ್ತಿರ ಸಿಕ್ಕಿಹಾಕಿಕೊಳ್ಳುವುದು. ಬೇಸಿಗೆಯಲ್ಲೂ ಹಾಕಿ ಕ್ಯಾಂಪು ಅಂತ ಸೊಂಟ ಸವೆಸುವುದು ಇನ್ನೊಂದು ಹುಚ್ಚು. ಬೇಸಿಗೆಯಲ್ಲಿ ನನ್ನ ಮಗ ಪಾರ್ಕಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಾನೆ, ಸ್ಕೇಟ್ ಗ್ಯಾರೇಜಿನಲ್ಲಿರುತ್ತದೆ.

ಈ ತಿಂಗಳ ಸಭೆಗೆ ಒಂದು ಪ್ರಸ್ತಾಪ ಬರೆದಿದ್ದೇನೆ. 12 ವರ್ಷದೊಳಗಿನವರಿಗೆ ರಾತ್ರಿ ಎಂಟರ ಮೇಲೆ ಐಸ್ ಬೇಡ, ಕಮ್ಮಿ ಬಿದ್ದ ದುಡ್ಡನ್ನು ಫೀಸಿನಲ್ಲಿ ಹಂಚಿಕೊಳ್ಳೋಣ ಅಂತ. ಕೋಚ್‌ಗಳು ಹೂಂ ಅಂದಿದ್ದಾರೆ. ಖಜಾಂಚಿ ಇನ್ನೂ ಇಮೇಲ್‌ಗೆ ಉತ್ತರ ಕೊಟ್ಟಿಲ್ಲ.