ಒಂದೇ ಗಾಳಿ, ನೂರು ಮಾಪಕ: ವಾತಾವರಣದ ಅಳತೆಯನ್ನು ನಂಬುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದಲೇ ಶುರು ಮಾಡೋಣ. ಇಡೀ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಒಂದು ಪಿಪಿಎಂ ಏರಬೇಕಾದರೆ ಸುಮಾರು 212 ಕೋಟಿ ಟನ್ ಇಂಗಾಲ ಗಾಳಿಗೆ ಸೇರಿ ಅಲ್ಲೇ ಉಳಿಯಬೇಕು. ಪಿಪಿಎಂ ಅಂದರೆ ಒಣ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಒಂದು. ಈಗ ಅದರ ಪ್ರಮಾಣ 420 ದಾಟಿದೆ. ವಿಶ್ವ ಹವಾಮಾನ ಸಂಸ್ಥೆ 1989ರಲ್ಲಿ ಆರಂಭಿಸಿದ ಗ್ಲೋಬಲ್ ಅಟ್ಮಾಸ್ಫಿಯರ್ ವಾಚ್ ಜಾಲದಲ್ಲಿ, ಉತ್ತರ ಗೋಳದ ಯಾವುದೇ ಎರಡು ನಿಲ್ದಾಣಗಳ ಅಳತೆಗಳ ನಡುವೆ ಉಪಕರಣದ ಕಾರಣಕ್ಕೆ ಬರುವ ವ್ಯತ್ಯಾಸ 0.1 ಪಿಪಿಎಂ ಮೀರಬಾರದು ಎಂಬ ಗುರಿ ಇದೆ. ದಕ್ಷಿಣ ಗೋಳಕ್ಕೆ 0.05. ಅಂದರೆ ನಾಲ್ಕು ಸಾವಿರದಲ್ಲಿ ಒಂದು ಪಾಲು, ದಕ್ಷಿಣದಲ್ಲಿ ಅದರಲ್ಲೂ ಅರ್ಧ. ಮೀಥೇನ್ ಮತ್ತು ಕಾರ್ಬನ್ ಮೊನಾಕ್ಸೈಡ್‌ಗೆ 2 ಪಿಪಿಬಿ (ನೂರು ಕೋಟಿ ಅಣುಗಳಲ್ಲಿ ಎರಡು), ನೈಟ್ರಸ್ ಆಕ್ಸೈಡ್‌ಗೆ 0.1 ಪಿಪಿಬಿ.

ಇಷ್ಟು ಬಿಗಿ ಯಾಕೆ? ಯಾವ ಕಾಡು ಎಷ್ಟು ಹೀರಿತು, ಯಾವ ಸಾಗರ ಎಷ್ಟು ಬಿಟ್ಟಿತು ಎಂಬುದನ್ನು ಇಡೀ ಭೂಮಿಯ ಮಟ್ಟದಲ್ಲಿ ನೇರವಾಗಿ ಅಳೆಯಲಾಗದು. ನಿಲ್ದಾಣ ನಿಲ್ದಾಣಗಳ ನಡುವಿನ ಪುಟ್ಟ ವ್ಯತ್ಯಾಸಗಳನ್ನು ಗಾಳಿಯ ಚಲನೆಯೊಂದಿಗೆ ಹೊಂದಿಸಿ ಕಂಪ್ಯೂಟರ್ ಮಾದರಿಗಳು ಅದನ್ನು ಹಿಂದಕ್ಕೆ ಲೆಕ್ಕ ಹಾಕುತ್ತವೆ. ಒಂದು ನಿಲ್ದಾಣ ಸದಾ 0.3 ಪಿಪಿಎಂ ಕಡಿಮೆ ತೋರಿಸಿದರೆ, ಮಾದರಿ ಅದಕ್ಕೊಂದು ಕಾರಣ ಹುಡುಕಲೇಬೇಕು. ಗಾಳಿ ಬರುವ ದಿಕ್ಕಿನಲ್ಲಿ ಇಲ್ಲದ ಕಾಡೊಂದನ್ನು ಅದು ಬೆಳೆಸಿಬಿಡುತ್ತದೆ.

ಇಲ್ಲೇ ಒಂದು ಮಾತು ಸ್ಪಷ್ಟವಾಗಲಿ. ನಮ್ಮ ನಿಜವಾದ ಶತ್ರು ಕುಣಿದಾಡುವ ಅಳತೆಯಲ್ಲ. ಅಡ್ಡಾದಿಡ್ಡಿ ಓಡುವ ಗೆರೆಯನ್ನು ಯಾರಾದರೂ ಗುರುತಿಸುತ್ತಾರೆ, ಸರಾಸರಿ ತೆಗೆದರೆ ಅದರ ಅರ್ಧ ಕಾಟ ತೀರುತ್ತದೆ. ಇವತ್ತಿನ ಲೇಸರ್ ಮಾಪಕಗಳು ಕೆಲವೇ ನಿಮಿಷಗಳ ಸರಾಸರಿಯಲ್ಲಿ 0.1 ಪಿಪಿಎಂಗಿಂತ ಎಷ್ಟೋ ಸೂಕ್ಷ್ಮವಾಗಿ ಓದುತ್ತವೆ. ಅಪಾಯ ಇರುವುದು ನೀಟಾಗಿ, ಸದ್ದಿಲ್ಲದೆ, ವರ್ಷಗಟ್ಟಲೆ ಒಂದೇ ಪ್ರಮಾಣದಲ್ಲಿ ತಪ್ಪಾಗಿ ಬರುವ ಗೆರೆಯಲ್ಲಿ. ಅದನ್ನು ಅದೇ ನಿಲ್ದಾಣದ ದತ್ತಾಂಶ ನೋಡಿ ಕಂಡುಹಿಡಿಯಲಾಗದು. ಹೊರಗಿನಿಂದ ಬಂದ ಇನ್ನೊಂದು ಅಳತೆಯೇ ಬೇಕು. ಗುಣಮಟ್ಟದ ಕಾವಲು ಎನ್ನುವುದೆಲ್ಲ ಈ ಎರಡನೇ ಅಳತೆಯನ್ನು ಎಲ್ಲೆಲ್ಲಿ, ಹೇಗೆ ತರುವುದು ಎಂಬ ಪ್ರಶ್ನೆಯೇ.

ಮೊದಲಿಗೆ ಅಳತೆಗೋಲು. ಒಂದು ಅನಿಲಕ್ಕೆ ಜಗತ್ತಿನಲ್ಲಿ ಒಂದೇ ಮೂಲ ಅಳತೆಗೋಲು ಇರಬೇಕು, ಅದನ್ನು ಒಂದೇ ಪ್ರಯೋಗಾಲಯ ಕಾಯಬೇಕು ಎಂಬುದು ಈ ಜಾಲದ ನಿಯಮ. ಇಂಗಾಲದ ಡೈಆಕ್ಸೈಡ್‌ಗೆ 1995ರವರೆಗೆ ಆ ಹೊಣೆ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯದಾಗಿತ್ತು. ನಂತರ ಸಾಗರ ಮತ್ತು ವಾತಾವರಣವನ್ನು ಗಮನಿಸುವ ಅಮೆರಿಕದ ನೋವಾ ಸಂಸ್ಥೆಯ ಬೋಲ್ಡರ್ ಪ್ರಯೋಗಾಲಯಕ್ಕೆ ಬಂತು. ಅಲ್ಲಿ ಮೂಲ ಸಿಲಿಂಡರುಗಳ ಒಂದು ಗುಂಪಿದೆ. ಪ್ರತಿಯೊಂದರಿಂದ ಅಳೆದ ಗಾತ್ರದ ಒಣ ಗಾಳಿಯನ್ನು ತೆಗೆದು, ದ್ರವ ಸಾರಜನಕದ ತಂಪಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೆಪ್ಪುಗಟ್ಟಿಸಿ ಬೇರ್ಪಡಿಸಿ, ಅದನ್ನು ಮತ್ತೆ ಅನಿಲವಾಗಿಸಿ ಚಿಕ್ಕ ಪಾತ್ರೆಯಲ್ಲಿ ಒತ್ತಡ ಮತ್ತು ಉಷ್ಣತೆ ಅಳೆಯುತ್ತಾರೆ. ನೈಟ್ರಸ್ ಆಕ್ಸೈಡ್ ಕೂಡ ಜೊತೆಯಲ್ಲೇ ಹೆಪ್ಪುಗಟ್ಟುವುದರಿಂದ ಅದನ್ನು ಲೆಕ್ಕದಲ್ಲಿ ಕಳೆಯಬೇಕು. ಹೀಗೆ ಬಂದ ಬೆಲೆ, ಅಂದರೆ ಆ ಸಿಲಿಂಡರಿನಲ್ಲಿ ಅನಿಲ ಎಷ್ಟಿದೆ ಎಂಬ ಅಂಕಿ, ಮೂಲದಿಂದ ಎರಡನೇ ಹಂತದ ಸಿಲಿಂಡರಿಗೆ, ಅಲ್ಲಿಂದ ಮೂರನೆಯದಕ್ಕೆ, ಕೊನೆಗೆ ನಿಲ್ದಾಣದಲ್ಲಿ ದಿನನಿತ್ಯ ಬಳಸುವ ಸಿಲಿಂಡರಿಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಅನಿಶ್ಚಿತತೆ ಕೂಡಿಕೊಳ್ಳುತ್ತದೆ. ಆದ್ದರಿಂದ ಮೆಟ್ಟಿಲು ಕಡಿಮೆಯಿದ್ದಷ್ಟೂ ಒಳ್ಳೆಯದು.

ಮೂಲವೇ ತಪ್ಪಿದರೆ? ತಪ್ಪಿತ್ತು. ಒತ್ತಡ ಅಳೆಯುವ ಆ ಉಪಕರಣದ, ಅಂದರೆ ಮಾನೋಮೀಟರಿನ, ರಬ್ಬರ್ ಓ-ರಿಂಗುಗಳು ಅಳತೆಯ ಹೊತ್ತಿನಲ್ಲಿ ಒಂದಿಷ್ಟು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಿದ್ದವು. ಅನಿಲದ ನಡವಳಿಕೆಗೆ ಬಳಸಿದ ಒಂದು ಗುಣಾಂಕವನ್ನೂ ತಿದ್ದಬೇಕಿತ್ತು. ಎರಡನ್ನೂ ಸರಿಪಡಿಸಿದಾಗ ಎಕ್ಸ್2007 ಎಂಬ ಹಳೆಯ ಅಳತೆಗೋಲಿನ ಜಾಗಕ್ಕೆ ಎಕ್ಸ್2019 ಬಂತು. 400 ಪಿಪಿಎಂ ಆಸುಪಾಸಿನಲ್ಲಿ ವ್ಯತ್ಯಾಸ ಸುಮಾರು 0.18 ಪಿಪಿಎಂ. ಯಾರಾದರೂ ಒಂದೇ ಸರಣಿಯಲ್ಲಿ ಅರ್ಧ ಹಳೆಯದು, ಅರ್ಧ ಹೊಸದು ಬೆರೆಸಿದರೆ, ಆರಂಭದಲ್ಲಿ ಹೇಳಿದ ಲೆಕ್ಕದ ಪ್ರಕಾರ ಸುಮಾರು 38 ಕೋಟಿ ಟನ್ ಇಂಗಾಲ ಎಲ್ಲಿಂದಲೋ ಉದ್ಭವಿಸುತ್ತದೆ. ಓ-ರಿಂಗಿನ ಮಹಿಮೆ.

ಸಿಲಿಂಡರ್ ಎಂದರೆ ಗಾಳಿ ತುಂಬಿಟ್ಟ ಡಬ್ಬಿ ಎಂದುಕೊಂಡವರು ಇದರಲ್ಲಿ ಬೇಗ ಪೆಟ್ಟು ತಿನ್ನುತ್ತಾರೆ. ಒಳಗಿನ ಗೋಡೆ ಅನಿಲದ ಜೊತೆ ವ್ಯವಹಾರ ನಡೆಸುತ್ತಲೇ ಇರುತ್ತದೆ. ಉಕ್ಕಿಗಿಂತ ಅಲ್ಯೂಮಿನಿಯಂ ಮೇಲು. ಒತ್ತಡ ಇಳಿಯುತ್ತ ಹೋದಂತೆ ಗೋಡೆಗೆ ಅಂಟಿದ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಪ್ರಮಾಣ ಏರುತ್ತದೆ. ಹಾಗಾಗಿ ಸುಮಾರು 20 ಬಾರ್‌ಗಿಂತ ಕೆಳಗೆ ಹೋಗುವ ಮುಂಚೆಯೇ ಸಿಲಿಂಡರನ್ನು ಸೇವೆಯಿಂದ ತೆಗೆಯಬೇಕು. ಉಳಿದ ಗಾಳಿ ವ್ಯರ್ಥವಾಯಿತಲ್ಲ ಎಂಬ ಜಿಪುಣತನ ಇಲ್ಲಿ ದುಬಾರಿ. ಮಲಗಿಸಿಟ್ಟರೆ ಉಷ್ಣತೆಯ ಏರುಪೇರಿನಿಂದ ಅನಿಲಗಳು ಮೇಲೆ ಕೆಳಗೆ ಬೇರ್ಪಡುವುದು ಕಡಿಮೆ. ಒತ್ತಡ ಇಳಿಸುವ ರೆಗ್ಯುಲೇಟರ್ ಹೊಸದಾಗಿ ಕೂರಿಸಿದಾಗ ಒಂದೆರಡು ಬಾರಿ ತುಂಬಿ ಖಾಲಿ ಮಾಡಿ, ಬಳಿಕ ಹಲವು ನಿಮಿಷ ಹರಿಯಬಿಟ್ಟು, ಗೆರೆ ಸಮವಾದ ಮೇಲಷ್ಟೇ ಅಂಕಿ ತೆಗೆದುಕೊಳ್ಳಬೇಕು. ರಾತ್ರಿಯಿಡೀ ರೆಗ್ಯುಲೇಟರಿನೊಳಗೆ ನಿಂತ ಗಾಳಿ ಸಿಲಿಂಡರಿನ ಗಾಳಿಯಲ್ಲ.

ಒಳಗೆ ತುಂಬುವುದು ಒಣಗಿಸಿದ ನಿಜವಾದ ಗಾಳಿಯಾಗಿರಬೇಕು, ಸಾರಜನಕ ಮತ್ತು ಆಮ್ಲಜನಕ ಬೆರೆಸಿದ ಕೃತಕ ಮಿಶ್ರಣವಲ್ಲ. ಆರ್ಗಾನ್ ಇಲ್ಲದ ಮಿಶ್ರಣದಲ್ಲಿ ಲೇಸರ್ ಓದುವ ಹೀರಿಕೆಯ ಗೆರೆಯ ಅಗಲವೇ ಬದಲಾಗುತ್ತದೆ. ಇನ್ನೊಂದು ಸೂಕ್ಷ್ಮ: ಈ ಮಾಪಕಗಳಲ್ಲಿ ಬಹುಪಾಲು ಒಂದೇ ಐಸೊಟೋಪಿನ (ಒಂದೇ ಧಾತುವಿನ, ತೂಕ ಬೇರೆಯಾದ ರೂಪ) ಅಣುವನ್ನು ನೋಡಿ ಒಟ್ಟು ಪ್ರಮಾಣ ಹೇಳುತ್ತವೆ. ಪೆಟ್ರೋಲಿಯಂ ಮೂಲದ ಅನಿಲ ಸೇರಿಸಿ ಪ್ರಮಾಣ ಏರಿಸಿದ ಸಿಲಿಂಡರಿನಲ್ಲಿ ಇಂಗಾಲ-13ರ ಪಾಲು ಹೊರಗಿನ ಗಾಳಿಗಿಂತ ಕಡಿಮೆಯಿರುತ್ತದೆ, ಆ ವ್ಯತ್ಯಾಸವನ್ನು ತಿದ್ದದಿದ್ದರೆ ಅದೂ ಒಂದು ಮೌನ ದೋಷವಾಗಿ ಕೂರುತ್ತದೆ. ಕಾರ್ಬನ್ ಮೊನಾಕ್ಸೈಡಿನ ಕಥೆ ಇನ್ನೂ ಕಷ್ಟ. ಅದು ಸಿಲಿಂಡರಿನೊಳಗೆ ತಾನಾಗಿಯೇ ನಿಧಾನವಾಗಿ ಬೆಳೆಯುತ್ತದೆ. ಅಳತೆಗೋಲೇ ಮೇಲೇರಿದರೆ ಹೊರಗಿನ ಗಾಳಿ ಶುದ್ಧವಾಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ಸಿಲಿಂಡರುಗಳನ್ನು ಎರಡು ಮೂರು ವರ್ಷಕ್ಕೊಮ್ಮೆ, ಜೊತೆಗೆ ಸೇವೆ ಮುಗಿದ ಮೇಲೂ, ಮರಳಿ ಕಳಿಸಿ ಬೆಲೆ ಕಟ್ಟಿಸಲೇಬೇಕು.

ಈಗ ನಿಲ್ದಾಣಕ್ಕೆ ಬರೋಣ. ಹೊರಗಿನ ಗಾಳಿ ಕಂಬದ ತುದಿಯಿಂದ ಕೊಳವೆಯಲ್ಲಿ ಇಳಿದು, ಫಿಲ್ಟರ್, ಪಂಪು, ಒಣಗಿಸುವ ಘಟಕ, ಕವಾಟ ದಾಟಿ ಮಾಪಕಕ್ಕೆ ಬರುತ್ತದೆ. ಅದೇ ಕವಾಟಕ್ಕೆ ಬೆಲೆ ಗೊತ್ತಿರುವ ಮೂರು ನಾಲ್ಕು ಪ್ರಮಾಣ ಸಿಲಿಂಡರುಗಳು, ಹೊರಗಿನ ಗಾಳಿಯಲ್ಲಿ ಸಿಗಬಹುದಾದ ಕನಿಷ್ಠ ಮತ್ತು ಗರಿಷ್ಠ ಪ್ರಮಾಣಗಳನ್ನು ಆಚೀಚೆ ಹಿಡಿಯುವಂತೆ. ಇವಲ್ಲದೆ ಟಾರ್ಗೆಟ್ ಎಂಬ ಇನ್ನೊಂದು ಸಿಲಿಂಡರ್. ಅದರ ಬೆಲೆ ಗೊತ್ತಿದ್ದರೂ ಕ್ಯಾಲಿಬ್ರೇಷನ್ನಿಗೆ, ಅಂದರೆ ಮಾಪಕವನ್ನು ಸರಿಹೊಂದಿಸಲು, ಬಳಸುವುದಿಲ್ಲ. ಹೊರಗಿನ ಗಾಳಿಯಂತೆಯೇ ಅಪರಿಚಿತವೆಂದು ಭಾವಿಸಿ ದಿನಕ್ಕೊಮ್ಮೆಯಾದರೂ ಅಳೆದು, ಉತ್ತರ ಸರಿಯೇ ಎಂದು ನೋಡುತ್ತಾರೆ. ಬೇಗ ಖಾಲಿಯಾಗುವ ಒಂದು, ವಾರಕ್ಕೋ ತಿಂಗಳಿಗೋ ಒಮ್ಮೆ ಮಾತ್ರ ತೆರೆದು ವರ್ಷಗಟ್ಟಲೆ ಉಳಿಸಿಕೊಳ್ಳುವ ಇನ್ನೊಂದು, ಹೀಗೆ ಎರಡಿದ್ದರೆ ಉತ್ತಮ.

ಟಾರ್ಗೆಟ್ ಚೆನ್ನಾಗಿ ಬರುತ್ತಿದೆ ಎಂದು ನಿದ್ದೆ ಮಾಡುವವರು ಒಂದು ಗಮನಿಸಬೇಕು. ಆ ಸಿಲಿಂಡರ್ ಸೇರಿಕೊಳ್ಳುವುದು ಕವಾಟದ ಬಳಿ. ಅದಕ್ಕಿಂತ ಮೇಲೆ, ಕಂಬದ ಕೊಳವೆಯಲ್ಲೋ ಪಂಪಿನಲ್ಲೋ ಸೋರಿಕೆಯಿದ್ದರೆ ಟಾರ್ಗೆಟ್‌ಗೆ ಅದರ ಸುಳಿವೇ ಸಿಗದು. ಜನ ಕೂತು ಕೆಲಸ ಮಾಡುವ ಕೋಣೆಯಲ್ಲಿ 800 ಪಿಪಿಎಂ ಇದೆಯೆನ್ನಿ, ಹೊರಗೆ 420. ಸಾವಿರದಲ್ಲಿ ಒಂದು ಪಾಲು ಕೋಣೆಯ ಗಾಳಿ ಸೇರಿದರೂ 0.38 ಪಿಪಿಎಂ ದೋಷ. ಗುರಿಯ ನಾಲ್ಕು ಪಟ್ಟು. ಇದನ್ನು ಪತ್ತೆ ಮಾಡಲು ದುಬಾರಿ ಸಾಧನವೇನೂ ಬೇಡ. ನಾವು ಬಿಡುವ ಉಸಿರಿನಲ್ಲಿ ಸುಮಾರು 4 ಶೇಕಡಾ, ಅಂದರೆ 40,000 ಪಿಪಿಎಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಪ್ರತಿ ಜೋಡಣೆಯ ಹತ್ತಿರ ಬಾಯಿಟ್ಟು ಒಮ್ಮೆ ಊದಿ, ಪರದೆಯ ಮೇಲಿನ ಗೆರೆ ಜಿಗಿಯುತ್ತದೆಯೇ ನೋಡಿದರಾಯಿತು. ಜೊತೆಗೆ ವರ್ಷಕ್ಕೆ ಒಂದೆರಡು ಸಲ ಸಿಲಿಂಡರಿನ ಗಾಳಿಯನ್ನು ಕಂಬದ ತುದಿಗೇ ಒಯ್ದು, ಒಳಹರಿವಿಗಿಂತ ಹೆಚ್ಚಾಗಿ ಹರಿಸಿ, ಇಡೀ ದಾರಿಯನ್ನು ಪರೀಕ್ಷಿಸಬೇಕು.

ನೀರಾವಿ ಇನ್ನೊಂದು ಕಾಟ. ಗಾಳಿಯಲ್ಲಿ 1 ಶೇಕಡಾ ನೀರಾವಿಯಿದ್ದರೆ ಬರೀ ತೆಳುವಾಗಿಸುವುದರಿಂದಲೇ ಇಂಗಾಲದ ಡೈಆಕ್ಸೈಡ್ 4.2 ಪಿಪಿಎಂ ಕಡಿಮೆ ಕಾಣುತ್ತದೆ. ತಣ್ಣನೆಯ ಬಲೆಯಲ್ಲೋ ನ್ಯಾಫಿಯಾನ್ ಪೊರೆಯಲ್ಲೋ ಒಣಗಿಸಬಹುದು, ಇಲ್ಲವೇ ನೀರಾವಿಯನ್ನೂ ಅಳೆದು ಲೆಕ್ಕದಲ್ಲಿ ತಿದ್ದಬಹುದು. ಎರಡನೇ ದಾರಿ ಹಿಡಿದರೆ ತಿದ್ದುವ ಗುಣಾಂಕವನ್ನು ಆ ಒಂದು ಮಾಪಕಕ್ಕಾಗಿಯೇ ಕಂಡುಕೊಳ್ಳಬೇಕು: ಒಣ ಸಿಲಿಂಡರ್ ಗಾಳಿಯ ದಾರಿಯಲ್ಲಿ ಒಂದು ಹನಿ ನೀರು ಬಿಟ್ಟು, ಅದು ಆವಿಯಾಗಿ ಮುಗಿಯುವವರೆಗೆ ಓದು ಹೇಗೆ ಬದಲಾಗುತ್ತದೆಂದು ನೋಡುವುದು. ನ್ಯಾಫಿಯಾನ್ ಬಳಸಿದರೆ ಪ್ರಮಾಣ ಅನಿಲಗಳನ್ನೂ ಅದರ ಮೂಲಕವೇ ಹಾಯಿಸಬೇಕು, ಯಾಕೆಂದರೆ ಆ ಪೊರೆ ನೀರನ್ನಷ್ಟೇ ಅಲ್ಲ, ಚೂರುಪಾರು ಇಂಗಾಲದ ಡೈಆಕ್ಸೈಡನ್ನೂ ದಾಟಿಸುತ್ತದೆ.

ಓಝೋನಿನ ದಾರಿಯೇ ಬೇರೆ. ಅದನ್ನು ಸಿಲಿಂಡರಿನಲ್ಲಿ ತುಂಬಿಡಲಾಗದು, ತುಂಬಿದರೆ ಕರಗಿಹೋಗುತ್ತದೆ. ಆದ್ದರಿಂದ ಇಲ್ಲಿ ಮೂಲ ಅಳತೆಗೋಲು ಒಂದು ಉಪಕರಣ: 253.65 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಓಝೋನ್ ಎಷ್ಟು ಹೀರುತ್ತದೆ ಎಂದು ನೋಡುವ ಪ್ರಮಾಣ ಫೋಟೋಮೀಟರ್. ಅದರ ಪ್ರತಿಗಳು ಬೇರೆ ಬೇರೆ ದೇಶಗಳಲ್ಲಿವೆ. ಪ್ಯಾರಿಸ್ ಬಳಿಯ ಅಂತಾರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆಯಲ್ಲಿ ಅವನ್ನು ಪರಸ್ಪರ ಹೋಲಿಸುತ್ತಾರೆ. ಲೆಕ್ಕದ ಬೇರಿನಲ್ಲಿರುವುದು ಒಂದು ಓಝೋನ್ ಅಣು ಎಷ್ಟು ಬೆಳಕು ಹೀರುತ್ತದೆ ಎಂಬ ಸಂಖ್ಯೆ. 1961ರಿಂದ ಬಳಕೆಯಲ್ಲಿದ್ದ ಆ ಸಂಖ್ಯೆಯನ್ನು ಈಗ ಶೇಕಡಾ 1.2ರಷ್ಟು ಇಳಿಸಲಾಗಿದೆ, ಅಷ್ಟರಮಟ್ಟಿಗೆ ಓಝೋನ್ ಅಳತೆಗಳು ಮೇಲೇರುತ್ತವೆ. ಯಾವ ನಿಲ್ದಾಣ ಯಾವ ದಿನದಿಂದ ಹೊಸ ಸಂಖ್ಯೆ ಹಾಕಿತು ಎಂಬುದನ್ನು ಬರೆದಿಡದಿದ್ದರೆ, ಮುಂದಿನವರು ಆ ಜಿಗಿತವನ್ನು ಮಾಲಿನ್ಯವೆಂದೇ ಓದುತ್ತಾರೆ. ನಿಲ್ದಾಣದ ಮಟ್ಟದಲ್ಲಿ ಓಝೋನಿಗೆ ಕೊಳಕೇ ದೊಡ್ಡ ವೈರಿ. ಟೆಫ್ಲಾನ್ ಜಾತಿಯ ಕೊಳವೆಯೇ ಬೇಕು, ಫಿಲ್ಟರ್ ಹೊಲಸಾದರೆ ಓಝೋನ್ ಅದರ ಮೇಲೇ ನಾಶವಾಗುತ್ತದೆ.

ಗಾಳಿಯಲ್ಲಿ ತೇಲುವ ಕಣಗಳ ವಿಷಯ ಚುಟುಕಾಗಿ. ಅವು ತೇವ ಹೀರಿ ಉಬ್ಬುವುದರಿಂದ ಸಾಪೇಕ್ಷ ಆರ್ದ್ರತೆ 40 ಶೇಕಡಾಕ್ಕಿಂತ ಕೆಳಗಿಳಿಸಿ ಅಳೆಯುತ್ತಾರೆ. ಬೆಳಕಿನ ಚದುರಿಕೆ ನೋಡುವ ನೆಫೆಲೋಮೀಟರಿಗೆ ಕಣರಹಿತ ಗಾಳಿ ಮತ್ತು ಶುದ್ಧ ಇಂಗಾಲದ ಡೈಆಕ್ಸೈಡ್ ಎರಡು ಆಧಾರ ಬಿಂದುಗಳು. ಮಸಿಯ ಅಳತೆಯಲ್ಲಿ ಮಾತ್ರ ಫಿಲ್ಟರಿನ ನಾರುಗಳೇ ಬೆಳಕನ್ನು ಚದುರಿಸುವ ಕಾರಣ ತಿದ್ದುವ ಗುಣಾಂಕದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಭೌತಿಕ ಗುಣಗಳ ಮಾಪಕಗಳನ್ನು ಹೋಲಿಸುವ ವಿಶ್ವ ಕೇಂದ್ರ ಜರ್ಮನಿಯ ಲೈಪ್‌ಜಿಗ್‌ನಲ್ಲಿದೆ.

ಇಷ್ಟೆಲ್ಲ ಮಾಡಿದ ಮೇಲೂ ಹೊರಗಿನ ಕಣ್ಣು ಬೇಕು. ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆ 1996ರಿಂದ ಮೇಲ್ಮೈ ಓಝೋನ್, ಕಾರ್ಬನ್ ಮೊನಾಕ್ಸೈಡ್, ಮೀಥೇನ್‌ಗಳಿಗೆ ವಿಶ್ವ ಕ್ಯಾಲಿಬ್ರೇಷನ್ ಕೇಂದ್ರವಾಗಿ ನಿಲ್ದಾಣಗಳ ಪರಿಶೀಲನೆ ನಡೆಸುತ್ತ ಬಂದಿದೆ. ಪರಿಶೀಲಕರು ತರುವ ಓಝೋನ್ ಉಪಕರಣವನ್ನು ಹೊರಡುವ ಮುಂಚೆ ಮತ್ತು ಮರಳಿದ ಮೇಲೆ ಎರಡೂ ಸಲ ಮೂಲ ಫೋಟೋಮೀಟರಿನೊಂದಿಗೆ ಹೋಲಿಸುತ್ತಾರೆ. ದಾರಿಯಲ್ಲಿ ಕುಲುಕಾಟಕ್ಕೆ ಅದೇ ಬದಲಾಗಿದ್ದರೆ ಗೊತ್ತಾಗಲಿ ಎಂದು. ಪರೀಕ್ಷೆಯ ಓಝೋನ್ ಪ್ರಮಾಣಗಳನ್ನು ಏರಿಕೆಯ ಕ್ರಮದಲ್ಲಿ ಕೊಡುವುದಿಲ್ಲ, ಅಡ್ಡಾದಿಡ್ಡಿ ಕೊಡುತ್ತಾರೆ. ಸಿಲಿಂಡರ್ ಹೋಲಿಕೆಗಿಂತ ಹೆಚ್ಚು ಬೆಲೆಬಾಳುವುದು ಜೋಡಿ ಅಳತೆ: ಸಂಚಾರಿ ಮಾಪಕವೊಂದನ್ನು ತನ್ನದೇ ಕೊಳವೆ, ತನ್ನದೇ ಒಣಗಿಸುವಿಕೆ, ತನ್ನದೇ ಪ್ರಮಾಣ ಅನಿಲಗಳೊಂದಿಗೆ ನಿಲ್ದಾಣದಲ್ಲಿ ವಾರಗಟ್ಟಲೆ ಓಡಿಸುವುದು. ಸಿಲಿಂಡರುಗಳಲ್ಲಿ ಇಬ್ಬರೂ ಒಪ್ಪಿ, ಹೊರಗಿನ ಗಾಳಿಯಲ್ಲಿ ಮಾತ್ರ ಒಪ್ಪದಿದ್ದರೆ, ತಪ್ಪು ಕೊಳವೆಯಲ್ಲೋ ನೀರಾವಿಯ ತಿದ್ದುಪಡಿಯಲ್ಲೋ ಇದೆಯೆಂದು ಅಲ್ಲೇ ಗೊತ್ತಾಗುತ್ತದೆ.

ಸ್ವತಂತ್ರವಾದ ಎರಡನೇ ಅಳತೆಯ ಮಹತ್ವ ಎದ್ದು ಕಂಡದ್ದು ಓಝೋನ್ ಪದರವನ್ನು ಕೊರೆಯುವ ಅನಿಲವಾದ ಸಿಎಫ್‌ಸಿ-11ರ ಪ್ರಕರಣದಲ್ಲಿ. ಮಾಂಟ್ರಿಯಲ್ ಒಪ್ಪಂದದಂತೆ 2010ರ ಹೊತ್ತಿಗೆ ಅದರ ತಯಾರಿಕೆ ನಿಲ್ಲಬೇಕಿತ್ತು. 2012ರ ನಂತರ ಗಾಳಿಯಲ್ಲಿ ಅದರ ಇಳಿಕೆ ನಿಧಾನವಾದದ್ದನ್ನು 2018ರಲ್ಲಿ ನೋವಾ ವಿಜ್ಞಾನಿಗಳು ಪ್ರಕಟಿಸಿದರು. ಬೇರೆಯೇ ಅಳತೆಗೋಲು ಬಳಸುವ ಅಗೇಜ್ ಜಾಲದ ಸರಣಿಯೂ ಅದೇ ಬಾಗು ತೋರಿಸಿತು. ಮರುವರ್ಷ ಹೊಸ ಹೊರಸೂಸುವಿಕೆಯ ದೊಡ್ಡ ಪಾಲು ಪೂರ್ವ ಚೀನಾದಿಂದ ಎಂದು ಗುರುತಿಸಲಾಯಿತು. ಒಂದೇ ಜಾಲವಿದ್ದಿದ್ದರೆ ಮೊದಲ ಪ್ರಶ್ನೆ "ನಿಮ್ಮ ಸಿಲಿಂಡರ್ ಸರಿಯಿದೆಯೇ?" ಎಂದಾಗುತ್ತಿತ್ತು, ಅದು ನ್ಯಾಯವೂ ಹೌದು.

ಕೊನೆಯದು ದತ್ತಾಂಶದ ಕೆಲಸ, ಹೆಚ್ಚಿನವರಿಗೆ ಬೇಸರದ ಭಾಗ. ಹಸಿರುಮನೆ ಅನಿಲಗಳ ದತ್ತಾಂಶ ಜಪಾನ್ ಹವಾಮಾನ ಇಲಾಖೆಯ ಕೇಂದ್ರಕ್ಕೆ, ಕಣಗಳದ್ದು ಮತ್ತು ಮೇಲ್ಮೈ ಓಝೋನಿನದ್ದು ನಾರ್ವೆಗೆ, ಓಝೋನ್ ಪದರದ್ದು ಟೊರೊಂಟೊಗೆ ಹೋಗುತ್ತದೆ. ಅನುಮಾನ ಬಂದ ಅಂಕಿಯನ್ನು ಅಳಿಸಬಾರದು, ಗುರುತು ಹಾಕಿ ಉಳಿಸಬೇಕು. ಅಂಟಾರ್ಕ್ಟಿಕಾದ ಹ್ಯಾಲಿ ನಿಲ್ದಾಣದ ನೆಲದಿಂದಲೇ ಓಝೋನ್ ಪದರ ಅಳೆಯುವ ಡಾಬ್ಸನ್ ಉಪಕರಣ ಆಧರಿಸಿ 1985ರಲ್ಲಿ ಓಝೋನ್ ರಂಧ್ರದ ಸುದ್ದಿ ಹೊರಬಂದಾಗ, ಉಪಗ್ರಹದ ದತ್ತಾಂಶದಲ್ಲೂ 180 ಡಾಬ್ಸನ್ ಘಟಕಕ್ಕಿಂತ ಕೆಳಗಿನ ಅಂಕಿಗಳು ಸಂಶಯಾಸ್ಪದವೆಂಬ ಗುರುತು ಹೊತ್ತು ಕೂತಿದ್ದವು. ಗುರುತು ಹಾಕಿದ್ದರು, ಅಳಿಸಿರಲಿಲ್ಲ. ಹಾಗಾಗಿಯೇ ಹಿಂತಿರುಗಿ ನೋಡಲು ಸಾಧ್ಯವಾಯಿತು.

ಅಳತೆಗೋಲು ಬದಲಾದಾಗ ಗಂಟೆಯ ಸರಾಸರಿಗಳಿಗೆ ಒಂದು ಸೂತ್ರ ಹಾಕಿ ಕೈತೊಳೆದುಕೊಳ್ಳುವುದು ಅನಿವಾರ್ಯವಾದಾಗ ಮಾತ್ರ. ಸರಿಯಾದ ದಾರಿಯೆಂದರೆ ಪ್ರತಿ ಸಿಲಿಂಡರಿಗೂ ಹೊಸ ಬೆಲೆ ಪಡೆದು, ಮಾಪಕದ ಕಚ್ಚಾ ಸಂಕೇತದಿಂದ ಮತ್ತೆ ಲೆಕ್ಕ ಹಾಕುವುದು. ಅದಕ್ಕೆ ಕಚ್ಚಾ ಸಂಕೇತ, ಯಾವ ದಿನ ಯಾವ ಸಿಲಿಂಡರ್ ಜೋಡಿಸಿದ್ದರೆಂಬ ದಾಖಲೆ ಎರಡೂ ಉಳಿದಿರಬೇಕು. ಕಡತದ ತಲೆಯಲ್ಲಿ ಅಳತೆಗೋಲಿನ ಹೆಸರು, ಸಮಯ ಯುಟಿಸಿಯೋ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಸ್ಥಳೀಯವೋ, 10 ಗಂಟೆ ಎಂದು ಬರೆದದ್ದು 10ರಿಂದ 11ರ ಸರಾಸರಿಯೋ 9ರಿಂದ 10ರದ್ದೋ ಎಂಬುದೂ ಇರಲಿ. ಬೆಳಗಿನ ಹೊತ್ತು ನೆಲದ ಬಳಿಯ ಗಾಳಿ ಒಂದೇ ಗಂಟೆಯಲ್ಲಿ ಹಲವು ಪಿಪಿಎಂ ಬದಲಾಗುವ ನಿಲ್ದಾಣಗಳಿವೆ. ಅಲ್ಲಿ ಸಮಯದ ಒಂದು ಗಂಟೆಯ ಗೊಂದಲ ಸಿಲಿಂಡರಿನ ಮೇಲೆ ಪಟ್ಟ ಶ್ರಮವನ್ನೆಲ್ಲ ನುಂಗಿಹಾಕುತ್ತದೆ.