ತೊಲೆಯ ಮೇಲಿನ ಹೆಸರು ಓದಿದವರು: ಲಿನ್ ಹುಯಿಯಿನ್ ಅವರ ಫೋಟೊ, ಪತ್ರ, ನಕ್ಷೆಗಳು

ಎಲ್ಲರಿಗೂ ನಮಸ್ಕಾರ.

ಚೀನಾದ ಲಿನ್ ಹುಯಿಯಿನ್ ಅವರನ್ನು ನಮ್ಮಲ್ಲಿ ಕೆಲವರು ಒಂದು ಫೋಟೊದಲ್ಲಿ ನೋಡಿರಬಹುದು. 1924ರಲ್ಲಿ ರವೀಂದ್ರನಾಥ ಟಾಗೋರರು ಚೀನಾಕ್ಕೆ ಹೋದಾಗ ತೆಗೆದದ್ದು. ನಡುವೆ ಬಿಳಿಗಡ್ಡದ ಟಾಗೋರರು. ಒಂದು ಬದಿಗೆ ಕವಿ ಶು ಝಿಮೊ, ಇನ್ನೊಂದು ಬದಿಗೆ ಹತ್ತೊಂಬತ್ತು ವರ್ಷದ ಲಿನ್. ಆ ವರ್ಷ ಮೇ 8ರಂದು ಟಾಗೋರರ ಹುಟ್ಟುಹಬ್ಬಕ್ಕೆ ಬೀಜಿಂಗಿನಲ್ಲಿ ಅವರದೇ ‘ಚಿತ್ರಾ’ ನಾಟಕವನ್ನು ಇಂಗ್ಲಿಷಿನಲ್ಲಿ ಆಡಿದರು. ರಾಜಕುಮಾರಿಯ ಪಾತ್ರ ಲಿನ್ ಅವರದು.

ಚೆಂದದ ಫೋಟೊ, ಎರಡು ಮಾತಿಲ್ಲ. ಆದರೆ ಇಂಥ ಚೆಂದದ ಫೋಟೊಗಳೇ ಲಿನ್ ಅವರಿಗೆ ಅನ್ಯಾಯ ಮಾಡಿವೆ ಅಂತ ನನಗೆ ಅನಿಸುತ್ತದೆ. ಅವರ ಬಗ್ಗೆ ಜಾಸ್ತಿ ಓಡಾಡುವುದು ಭಾವಚಿತ್ರಗಳು, ಮತ್ತೆ ಯಾವ ಕವಿ ಅವರನ್ನು ಎಷ್ಟು ಪ್ರೀತಿಸಿದ್ದ ಎಂಬ ಕಥೆಗಳು. ಅವರು ಚೀನಾದ ಹಳೆಯ ಕಟ್ಟಡಗಳ ಇತಿಹಾಸ ಬರೆದವರು ಎಂಬ ಮಾತು ಕೊನೆಗೆ ಬರುತ್ತದೆ, ಅದೂ ಬಂದರೆ. ಇತಿಹಾಸಕಾರ್ತಿಯಾಗಿ ಅವರನ್ನು ತೋರಿಸುವ ಫೋಟೊಗಳಿವೆ, ಪತ್ರಗಳಿವೆ, ನಕ್ಷೆಗಳಿವೆ. ಇವತ್ತು ಅವುಗಳ ಬಗ್ಗೆ ಮಾತಾಡುತ್ತೇನೆ.

ಲಿನ್ ಹುಟ್ಟಿದ್ದು 1904ರಲ್ಲಿ, ಹಾಂಗ್‌ಝೌನಲ್ಲಿ. ಟಾಗೋರರು ಬಂದುಹೋದ ವರ್ಷವೇ ಅವರು ಲಿಯಾಂಗ್ ಸಿಚೆಂಗ್ ಜೊತೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೊರಟರು. ಇಬ್ಬರಿಗೂ ವಾಸ್ತುಶಿಲ್ಪ ಓದುವ ಆಸೆ. ಆ ವಿಭಾಗಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಲಿನ್ ಲಲಿತಕಲೆಗೆ ಸೇರಿ, ವಾಸ್ತುಶಿಲ್ಪದ ತರಗತಿಗಳಿಗೂ ಹೋದರು. ಸಾಲದ್ದಕ್ಕೆ ಅದೇ ವಿಭಾಗದಲ್ಲಿ ಪಾಠಕ್ಕೆ ನೆರವಾಗುವ ಕೆಲಸವನ್ನೂ ಮಾಡಿದರು. 1927ರಲ್ಲಿ ಕೈಗೆ ಬಂದದ್ದು ಮಾತ್ರ ಲಲಿತಕಲೆಯ ಪದವಿ. 1928ರಲ್ಲಿ ಲಿನ್ ಮತ್ತು ಲಿಯಾಂಗ್ ಮದುವೆಯಾದರು. 1930ರ ದಶಕದಲ್ಲಿ ಚೀನೀ ವಾಸ್ತುಶಿಲ್ಪ ಅಧ್ಯಯನ ಸಂಘದ ಪರವಾಗಿ ಊರೂರು ಅಲೆದು, ಹಳೆಯ ಗುಡಿ, ಗೋಪುರ, ಸೇತುವೆಗಳನ್ನು ಅಳೆದು, ಫೋಟೊ ತೆಗೆದು, ನಕ್ಷೆ ಬರೆದರು.

ಇದರಲ್ಲಿ ಒಂದು ಪ್ರಯಾಣವನ್ನು ಬಿಡಿಸಿ ಹೇಳಲೇಬೇಕು.

ಆಗ ಜಪಾನಿನ ವಿದ್ವಾಂಸರು ಒಂದು ಮಾತು ಹೇಳುತ್ತಿದ್ದರು. ಟಾಂಗ್ ರಾಜವಂಶದ ಕಾಲದ (ಕ್ರಿ.ಶ. 618–907) ಮರದ ಕಟ್ಟಡ ಚೀನಾದಲ್ಲಿ ಉಳಿದಿಲ್ಲ, ನೋಡಬೇಕೆಂದರೆ ಜಪಾನಿನ ನಾರಾಕ್ಕೇ ಬನ್ನಿ ಅಂತ. ಈ ದಂಪತಿಗೆ ಸುಳಿವು ಸಿಕ್ಕಿದ್ದು ಫೋಟೊಗಳಿಂದ. ಫ್ರೆಂಚ್ ವಿದ್ವಾಂಸ ಪಾಲ್ ಪೆಲಿಯೊ ವಾಯವ್ಯ ಚೀನಾದ ದುನ್‌ಹುವಾಂಗ್ ಬೌದ್ಧ ಗುಹೆಗಳ ಚಿತ್ರಗಳನ್ನು ಅಚ್ಚು ಹಾಕಿಸಿದ್ದ. 61ನೇ ಗುಹೆಯ ಗೋಡೆಯಲ್ಲಿ ಬೌದ್ಧರ ಯಾತ್ರಾಸ್ಥಳವಾದ ವುತಾಯ್ ಬೆಟ್ಟದ ದೊಡ್ಡ ಚಿತ್ರವಿದೆ. ಅದರಲ್ಲಿ ಗುಡಿಗಳ ಹೆಸರೂ ಬರೆದಿದೆ. ಅವುಗಳಲ್ಲಿ ಒಂದು ಫೋಗುವಾಂಗ್. ಯಾತ್ರಿಕರು ಹೆಚ್ಚು ಹೋಗದ ಮೂಲೆಯ ಗುಡಿ. ಅಂಥ ಕಡೆ ಜೀರ್ಣೋದ್ಧಾರ ಮಾಡಿಸುವಷ್ಟು ದುಡ್ಡು ಇರುವುದಿಲ್ಲ, ಹಾಗಾಗಿ ಹಳೆಯದು ಉಳಿದಿರಬಹುದು ಎಂಬುದು ಅವರ ಲೆಕ್ಕ. 1937ರ ಬೇಸಿಗೆಯಲ್ಲಿ ಹೇಸರಗತ್ತೆಗಳ ಮೇಲೆ ಅಲ್ಲಿಗೆ ಹೋದರು. ಲೆಕ್ಕ ಸರಿಯಾಗಿತ್ತು.

ಗುಡಿಯ ಅಟ್ಟದೊಳಗೆ ಕತ್ತಲೆ. ಸಾವಿರಾರು ಬಾವಲಿ, ತಿಗಣೆ, ಕಾಲಿಟ್ಟಲ್ಲೆಲ್ಲ ಧೂಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಟಾರ್ಚ್ ಬೆಳಕಿನಲ್ಲಿ ಗಂಟೆಗಟ್ಟಲೆ ಅಳತೆ ಮಾಡಿದರು. ದಪ್ಪ ಬೋದಿಗೆಗಳು, ಚಾಚಿದ ಮಾಡು, ಎಲ್ಲವೂ ಟಾಂಗ್ ಶೈಲಿ. ಆದರೆ ಶೈಲಿ ನೋಡಿ ಕಾಲ ಹೇಳಿದರೆ ಯಾರು ಒಪ್ಪುತ್ತಾರೆ? ಇಸವಿ ಬೇಕು. ಕೆಲವು ದಿನಗಳ ನಂತರ ಲಿನ್ ಕೆಳಗೆ ನಿಂತು ತಲೆಯೆತ್ತಿದಾಗ ತೊಲೆಯ ತಳಭಾಗದಲ್ಲಿ ಮಸಿಯ ಅಕ್ಷರ ಕಂಡಿತು. ಅವರದು ದೂರದ್ದು ಚೆನ್ನಾಗಿ ಕಾಣುವ ಕಣ್ಣು, ಜೊತೆಯವರು ಯಾರಿಗೂ ಕಂಡಿರಲಿಲ್ಲ. ಅಟ್ಟಣಿಗೆ ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿ ಓದಿದರೆ, ದಾನ ಕೊಟ್ಟ ಒಬ್ಬ ಹೆಂಗಸಿನ ಹೆಸರು: ಬುದ್ಧನ ಶಿಷ್ಯೆ ನಿಂಗ್ ಗೊಂಗ್‌ಯು. ಈ ಹೆಸರನ್ನು ಹೊರಗಿನ ಕಲ್ಲುಕಂಬದ ಮೇಲೂ ನೋಡಿದ ನೆನಪು ಲಿನ್ ಅವರಿಗಿತ್ತು. ಹೋಗಿ ನೋಡಿದರೆ ಹೌದು, ಅದೇ ಹೆಸರು. ಪಕ್ಕದಲ್ಲೇ ಇಸವಿ. ನಮ್ಮ ಲೆಕ್ಕದಲ್ಲಿ ಕ್ರಿ.ಶ. 857.

ಒಳಗೆ ದೊಡ್ಡ ಮೂರ್ತಿಗಳ ಪಕ್ಕದ ಮೂಲೆಯಲ್ಲಿ ಸಾಧಾರಣ ಉಡುಪಿನ ಒಬ್ಬ ಹೆಂಗಸಿನ ವಿಗ್ರಹ ಕೂತಿತ್ತು. ಅದು ಟಾಂಗ್ ಕಾಲದಲ್ಲಿ ಚೀನಾ ಆಳಿದ ಮಹಾರಾಣಿ ವೂ ಅಂತ ಗುಡಿಯವರು ನಂಬಿದ್ದರು. ಅಲ್ಲ, ಈ ಗುಡಿ ಕಟ್ಟಿಸಿದ ನಿಂಗ್ ಗೊಂಗ್‌ಯು ಇವರೇ ಅಂತ ಗೊತ್ತಾಯಿತು. ಆ ವಿಗ್ರಹದ ಪಕ್ಕ ಲಿನ್ ನಿಂತಿರುವ ಫೋಟೊ ಇದೆ. ದಯವಿಟ್ಟು ಅದನ್ನು ಹುಡುಕಿ ನೋಡಿ. ಬೇರೊಬ್ಬರ ಹೆಸರಿನ ಕೆಳಗೆ ಕೂತಿದ್ದ ಹೆಂಗಸಿಗೆ ಅವಳ ಹೆಸರು ವಾಪಸು ಕೊಡಿಸಿದ ಇತಿಹಾಸಕಾರ್ತಿ ಅಲ್ಲಿದ್ದಾರೆ. ಟಾಗೋರರ ಜೊತೆಗಿನ ಚಿತ್ರಕ್ಕಿಂತ ನನಗೆ ಇದೇ ದೊಡ್ಡದು. (ಫೋಗುವಾಂಗ್‌ಗಿಂತ ಹಳೆಯದಾದ, 782ರ ಒಂದು ಚಿಕ್ಕ ಗುಡಿ ಅದೇ ಸೀಮೆಯಲ್ಲಿ 1950ರ ದಶಕದಲ್ಲಿ ಸಿಕ್ಕಿತು. ಅದರಿಂದ ಇವರ ಕೆಲಸದ ತೂಕವೇನೂ ಕಮ್ಮಿಯಾಗಲಿಲ್ಲ.)

ಈ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಜುಲೈ 7ಕ್ಕೆ ಬೀಜಿಂಗಿನ ಹೊರವಲಯದಲ್ಲಿ ಜಪಾನಿನ ಜೊತೆ ಯುದ್ಧ ಶುರುವಾಯಿತು. ಬೆಟ್ಟದ ಕಡೆ ಇದ್ದ ಇವರಿಗೆ ಸುದ್ದಿ ಮುಟ್ಟಿದ್ದೇ ಕೆಲವು ದಿನ ತಡವಾಗಿ. ಊರು ಬಿಡುವ ಮುಂಚೆ ಸಂಘದವರು ವರ್ಷಗಳ ನೆಗೆಟಿವ್, ನಕ್ಷೆ, ಟಿಪ್ಪಣಿಗಳನ್ನು ಟಿಯಾಂಜಿನ್‌ನ ಒಂದು ವಿದೇಶಿ ಬ್ಯಾಂಕಿನ ನೆಲಮಾಳಿಗೆಯಲ್ಲಿ ಇಟ್ಟರು. ಬಾಂಬಿಗೂ ಜಪಾನಿ ಸೈನಿಕರಿಗೂ ಸಿಗದ ಜಾಗ ಅಂತ. ಅಲ್ಲಿಗೆ ನೀರು ಬಂತು. 1939ರ ಪ್ರವಾಹದಲ್ಲಿ ನೆಲಮಾಳಿಗೆ ಮುಳುಗಿತು. ದೂರದ ಸಿಚುವಾನ್‌ನಲ್ಲಿದ್ದ ಗಂಡ ಹೆಂಡತಿಗೆ ಈ ವಿಷಯ ತಿಳಿದದ್ದು ಬಹಳ ತಡವಾಗಿ. ತಿಳಿದಾಗ ಇಬ್ಬರೂ ಅತ್ತರು. ಸಂಘ ಕಟ್ಟಿದ ಹಿರಿಯರಾದ ಝು ಚಿಚಿಯನ್ ಒದ್ದೆ ಕಾಗದಗಳನ್ನು ಒಣಗಿಸಿ, ಮುಖ್ಯವಾದ ಚಿತ್ರಗಳ ಪ್ರತಿ ತೆಗೆಸಿ ಕಳಿಸಿದರು. ಮುಂದಿನ ಪುಸ್ತಕಕ್ಕೆ ಅದೇ ಆಸರೆಯಾಯಿತು.

ಯಾಂಗ್ಟ್ಸಿ ನದಿ ದಡದ ಲಿಜುವಾಂಗ್ ಎಂಬ ಊರಿನಲ್ಲಿ 1940ರಿಂದ 1946ರವರೆಗೆ ಇದ್ದರು. ಲಿನ್ ಅವರಿಗೆ ಕ್ಷಯ. ಹಾಸಿಗೆ ಬಿಟ್ಟು ಏಳುವುದೇ ಕಷ್ಟ. ವಾಯುಪಡೆಯಲ್ಲಿದ್ದ ತಮ್ಮ 1941ರಲ್ಲಿ ಯುದ್ಧದಲ್ಲಿ ಸತ್ತ. ಅಲ್ಲಿಂದ ಅಮೆರಿಕದ ಗೆಳತಿ ವಿಲ್ಮಾ ಫೇರ್‌ಬ್ಯಾಂಕ್ ಅವರಿಗೆ ಬರೆದ ಪತ್ರಗಳನ್ನು ಓದುವ ಮುಂಚೆ ಸುಮ್ನೆ ಕಾಗದ ನೋಡಿದರೂ ಅವರ ಸ್ಥಿತಿ ಗೊತ್ತಾಗುತ್ತಿತ್ತು. ತೆಳು, ಹಳದಿ, ಒಂದೊಂದು ಒಂದೊಂದು ಅಳತೆಯ ಚೂರುಗಳು, ಸಂತೆಯ ಸಾಮಾನು ಕಟ್ಟಿ ತಂದಂಥವು. ಅಂಚಿನವರೆಗೂ ಅಕ್ಷರ. ಕೊನೆಯ ಹಾಳೆಯಲ್ಲಿ ಜಾಗ ಮಿಕ್ಕರೆ ಅಷ್ಟನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು, ಇನ್ನೊಂದಕ್ಕೆ ಆಗುತ್ತದಲ್ವಾ ಅಂತ. ಅದೇ ಹಾಸಿಗೆಯಲ್ಲಿ ಕೂತು ಚೀನಾದ ವಾಸ್ತುಶಿಲ್ಪ ಚರಿತ್ರೆಯ ಸಾಂಗ್ ರಾಜವಂಶದ ಕಾಲದ (ಕ್ರಿ.ಶ. 960–1279) ಭಾಗ ಬರೆದರು. ಗಂಡ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಸಚಿತ್ರ ಚರಿತ್ರೆಗೂ ದುಡಿದರು.

ಲಿನ್ 1955ರ ಏಪ್ರಿಲ್ 1ರಂದು ತೀರಿಕೊಂಡರು. ಐವತ್ತು ದಾಟಿತ್ತು ಅಷ್ಟೆ. ಆ ಸಚಿತ್ರ ಚರಿತ್ರೆಯ ನಕ್ಷೆ, ಫೋಟೊಗಳನ್ನು ಲಿಯಾಂಗ್ 1947ರಲ್ಲಿ ವಿಲ್ಮಾ ಹತ್ತಿರ ಬಿಟ್ಟು ಬಂದಿದ್ದರು. 1957ರಲ್ಲಿ ಕೇಳಿದಾಗ, ಅವರು ಹೇಳಿದಂತೆಯೇ ವಿಲ್ಮಾ ಇಂಗ್ಲೆಂಡಿನಲ್ಲಿದ್ದ ಒಬ್ಬ ವಿದ್ಯಾರ್ಥಿಯ ವಿಳಾಸಕ್ಕೆ ಕಳಿಸಿದರು. ಕಟ್ಟು ಬೀಜಿಂಗ್ ತಲುಪಲೇ ಇಲ್ಲ. ಲಿಯಾಂಗ್ 1972ರಲ್ಲಿ ತೀರಿಕೊಂಡರು. ವಿಲ್ಮಾ ಬಿಡಲಿಲ್ಲ. ಹುಡುಕಿ ಹುಡುಕಿ ಕೊನೆಗೆ 1980ರಲ್ಲಿ ಅದು ಸಿಂಗಪುರದಲ್ಲಿ ಸಿಕ್ಕಿತು. 1984ರಲ್ಲಿ ಪುಸ್ತಕ ಬಂತು. ಲೇಖಕರಾಗಿ ಲಿಯಾಂಗ್ ಹೆಸರೊಂದೇ ಇದೆ. ಆದರೆ ಈಕೆ ಇಲ್ಲದಿದ್ದರೆ ಈ ಪುಸ್ತಕವಷ್ಟೇ ಅಲ್ಲ, ಈ ವಿಷಯದಲ್ಲಿ ನಾನು ಮಾಡಿದ ಯಾವ ಕೆಲಸವೂ ಆಗುತ್ತಿರಲಿಲ್ಲ ಎಂದು ಅವರೇ ಮುನ್ನುಡಿಯಲ್ಲಿ ಬರೆದಿದ್ದಾರೆ. ಲಿನ್ ಬಗ್ಗೆ ಬರೆಯುವವರು ಮೊದಲು ಓದಬೇಕಾದದ್ದು ಆ ಪುಟ, ಪ್ರೇಮಕಥೆಗಳನ್ನಲ್ಲ.

2012ರಲ್ಲಿ ಬೀಜಿಂಗಿನ ಅವರ ಹಳೆಯ ಮನೆ ಕೆಡವಿದರು. ಊರಿನ ಹಳೆಯ ಕೋಟೆಗೋಡೆ ಉಳಿಸಿ ಅಂತ ಗೋಗರೆದ ದಂಪತಿಯ ಮನೆ ಅದು. 2024ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಲಿನ್ ಹುಯಿಯಿನ್ ಅವರಿಗೆ ಮರಣೋತ್ತರವಾಗಿ ವಾಸ್ತುಶಿಲ್ಪದ ಪದವಿ ಕೊಟ್ಟಿತು. ಹೆಣ್ಣು ಎಂಬ ಕಾರಣಕ್ಕೆ ತಪ್ಪಿಸಿದ್ದನ್ನು ಒಪ್ಪಿಕೊಂಡೇ ಕೊಟ್ಟಿತು. 97 ವರ್ಷ ತಡವಾಗಿ.